ಬಾಗಿಲಿಲ್ಲದ ಫ್ರಿಜ್ಜು

ನಾನು ಒಂದು ಫ್ರಿಜ್ಜು. ಈಗ ಕೋಳಿಗೂಡು. ಎರಡೂ ಅವತಾರದಲ್ಲಿ ನಾನು ಹುಟ್ಟಾ ಪುಕ್ಕಲು ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗಬೇಡಿ.

ಕಾರ್ಖಾನೆಯಲ್ಲಿ ನನ್ನ ತಗಡಿಗೆ ನೀಲಿ ಬಣ್ಣ ಹೊಡೆದು, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಕೂರಿಸಿದರು. ಪಟ್ಟಿಯೊಳಗೆ ಅಯಸ್ಕಾಂತ. ಬಾಗಿಲನ್ನು ಒಂಚೂರು ತಳ್ಳಿದರೆ ಸಾಕು, ಪಚಕ್ ಅಂತ ಕಚ್ಚಿಕೊಳ್ಳುತ್ತಿತ್ತು. ಪರೀಕ್ಷೆ ಮಾಡುವವನು "ಇರುವೆ ಉಸಿರಾಡೋಕೂ ಸಂದಿಲ್ಲ" ಎಂದು ನನ್ನ ಬೆನ್ನು ತಟ್ಟಿದ. ಸುತ್ತಲಿನವರಿಗೆ ಅದು ಹೊಗಳಿಕೆ. ನನಗೆ ನಡುಕ ಹುಟ್ಟಿತು. ಬಾಗಿಲು ಮುಚ್ಚಿದ ಕೂಡಲೇ ನನ್ನೊಳಗಿನ ಬಲ್ಬು ಆರಿಹೋಗುತ್ತದೆ. ಆಮೇಲಿನ ಗವ್ವೆನ್ನುವ ಕತ್ತಲು ಹೇಗಿರುತ್ತದೆ ಅನ್ನೋದು ನನಗೊಬ್ಬನಿಗೇ ಗೊತ್ತು.

ಮಳವಳ್ಳಿಯ ವಾರಿಜಾ ಟೀಚರ್ ಮನೆಯ ಅಡುಗೆಮನೆಯಲ್ಲಿ ನನ್ನ ಹರೆಯ ಕಳೆಯಿತು. ಹಾಲು, ಹೂವು, ದೋಸೆ ಹಿಟ್ಟು ಕಾಯ್ದೆ. ಅವಕ್ಕೆ ಉಸಿರಿನ ಗೊಡವೆ ಇರಲಿಲ್ಲವಾದ್ದರಿಂದ ಒಂದಿಷ್ಟು ನೆಮ್ಮದಿ. ಆದರೂ ಕರೆಂಟು ಹೋದರೆ ಭಯ, ಧಡಕ್ಕನೆ ಬಂದರೆ ಇನ್ನೂ ಭಯ. ಕೊನೆಗೆ ಒಂದು ಮುಂಗಾರಿನಲ್ಲಿ ಸಿಡಿಲು ಬಡಿದು ನನ್ನ ಮೋಟರು ಸುಟ್ಟಿತು. ಟೀಚರು ಒಂದು ಸಲ ನನ್ನ ತಲೆ ಒರೆಸಿ ಗುಜರಿಯವನ ಗಾಡಿಗೆ ಹತ್ತಿಸಿದರು.

ಅಯ್ಯೋ, ಆ ಗುಜರಿ ಅಂಗಡಿ! ನನ್ನ ಪಕ್ಕದಲ್ಲಿ ನಿಂತಿದ್ದ ವಾಷಿಂಗ್ ಮಷೀನನ್ನು ನನ್ನ ಕಣ್ಣೆದುರಿಗೇ ಸುತ್ತಿಗೆಯಿಂದ ಬಡಿದು ಬಿಚ್ಚಿದರು. ನನ್ನ ಮೋಟರನ್ನೂ ಕಿತ್ತರು. ಇನ್ನೇನು ನನ್ನ ತಲೆಗೇ ಸುತ್ತಿಗೆ ಬೀಳಬೇಕು, ಅಷ್ಟರಲ್ಲಿ ಸೈಕಲ್ ಶಾಪಿನ ಚೆಲುವರಾಜು ಬಂದ, ಜೊತೆಗೆ ಹೆಂಡತಿ ಪುಟ್ಟತಾಯಮ್ಮ.

ಪುಟ್ಟತಾಯಮ್ಮ ನನ್ನೊಳಗೆ ತಲೆ ಹಾಕಿ ನೋಡಿ, "ರೀ, ಹೊಸ ಗೂಡು ಮಾಡ್ಸೋ ಯೋಗ್ಯತೆ ನಮಗಿಲ್ಲ. ಇದು ಗಟ್ಟಿಯಾಗಿ ಅದೆ. ಮುಂಗುಸಿ ಅಲ್ಲ, ಅದರಪ್ಪ ಬಂದ್ರೂ ಒಳಗೆ ನುಗ್ಗಕ್ಕಾಗಲ್ಲ" ಎಂದಳು.

ಕೋಳಿಗೂಡು! ಉಸಿರಾಡುವ ಜೀವಗಳು ನನ್ನ ಹೊಟ್ಟೆಯೊಳಗೆ! ಸುತ್ತಿಗೆಯೇ ವಾಸಿ ಅನ್ನಿಸಿಬಿಟ್ಟಿತು.

ಅವಳ ಕಷ್ಟವನ್ನೂ ಹೇಳಬೇಕು. ಚೆಲುವರಾಜುವಿನ ಅಕ್ಕ ಜವರಮ್ಮ ಅವಳಿಗೆ ಒಂದು ಹ್ಯಾಟೆಯನ್ನು ಪಾಲಿಗೆ ಕೊಟ್ಟಿದ್ದಳು. ಅಂದರೆ ತಾಯಿಕೋಳಿ ಜವರಮ್ಮನದೇ, ಸಾಕುವವಳು ಪುಟ್ಟತಾಯಮ್ಮ, ಹುಟ್ಟಿದ ಮರಿ ಇಬ್ಬರಿಗೂ ಸಮಪಾಲು. ಹಿಂದೊಮ್ಮೆ ಹೀಗೇ ಕೊಟ್ಟಿದ್ದ ಕೋಳಿಯನ್ನು ಮುಂಗುಸಿ ಹೊತ್ತೊಯ್ದಿತ್ತು. "ಇದೂ ಹೋದ್ರೆ ಇನ್ಮೇಲೆ ಕೋಳಿ ಅಂತ ನನ್ನ ಹೊಸಲು ತುಳೀಬೇಡ" ಎಂದು ಜವರಮ್ಮ ಖಡಾಖಂಡಿತವಾಗಿ ಹೇಳಿದ್ದಳು. ಪುಟ್ಟತಾಯಮ್ಮನಿಗೆ ತನ್ನದು ಅಂತ ಒಂದು ಹಿಂಡು ಕಟ್ಟುವ ಆಸೆ. ಹ್ಯಾಟೆ ಆಗಲೇ ಅಡುಗೆಮನೆಯ ಬಿದಿರು ಮಂಕರಿಯಲ್ಲಿ ಕಾವು ಕೂತು ಆರು ಮರಿ ಎಬ್ಬಿಸಿತ್ತು.

ಹಿತ್ತಲಿನಲ್ಲಿ ಮನೆಯ ಗೋಡೆಗೆ ಬೆನ್ನು ಕೊಟ್ಟು ಹಳೇ ಇಟ್ಟಿಗೆಯ ಮೇಲೆ ನನ್ನನ್ನು ನಿಲ್ಲಿಸಿದರು. ತಳಕ್ಕೆ ಭತ್ತದ ಹೊಟ್ಟು ಹರಡಿದರು. ಚೆಲುವರಾಜು ದೊಡ್ಡ ಮೊಳೆ ಹೊಡೆದು ನನ್ನ ಎಡಮಗ್ಗುಲಿನ ತುಂಬ ತೂತು ಮಾಡಿದ. ಪ್ರತಿ ಏಟಿಗೂ ಜೀವ ಹೋಯಿತು, ಆದರೆ ಗಾಳಿ ಸುಳಿದಾಗ ಜೀವ ಬಂತು. "ಒಳಗೊಂದು ಜಾಲರಿ ಬಾಗಿಲು ನಾಳೆ ಮಾಡ್ತೀನಿ" ಎಂದ. ಅವನ ನಾಳೆ ಯಾರಿಗೆ ಗೊತ್ತಿಲ್ಲ? ಹಾಗೇ ಕೆಲವು ದಿನ ನಡೆಯಿತು.

ಒಂದು ಭಾನುವಾರ ಮಧ್ಯಾಹ್ನ ಜವರಮ್ಮ ತನ್ನ ಕೋಳಿ ನೋಡಲು ಬಂದಳು. ನನ್ನನ್ನು ನೋಡಿದ್ದೇ ಸೊಂಟದ ಮೇಲೆ ಕೈಯಿಟ್ಟಳು.

"ಏನ್ಲಾ ಚೆಲುವ, ದಕ್ಷಿಣಕ್ಕೆ ಬಾಗಿಲು ಮಡಗಿದ್ದೀಯಲ್ಲ! ಯಮನ ದಿಕ್ಕು ಕಣ್ಲಾ ಅದು. ನನ್ ಕೋಳಿ ಉಳೀತದಾ? ಪೂರ್ವಕ್ಕೆ ತಿರುಗ್ಸು."

ಅಕ್ಕನ ಮಾತಿಗೆ ಎದುರಾಡುವ ಗಂಡಸಲ್ಲ ಅವನು. ಅಲ್ಲೇ ನಿಂತಲ್ಲೇ ನನ್ನನ್ನು ತಿರುಗಿಸಿದ. ಬಾಗಿಲು ಪೂರ್ವಕ್ಕೆ ಬಂತು. ತೂತಿನ ಎಡಮಗ್ಗುಲು ಹೋಗಿ ಗೋಡೆಗೆ ಅಂಟಿಕೊಂಡಿತು. "ಇಟ್ಟಿಗೆ ಮೇಲೆ ಅಲ್ಲಾಡ್ತದೆ" ಎಂದು ಜವರಮ್ಮ ಇನ್ನೊಂದಿಷ್ಟು ಒತ್ತಿಸಿದಳು. ಒಬ್ಬರೂ ತೂತಿನ ಕಡೆ ನೋಡಲಿಲ್ಲ. ಮೋಟರು ಇದ್ದಿದ್ದರೆ ಗೊರ್ ಅಂದು ಬೊಬ್ಬೆ ಹೊಡೆಯುತ್ತಿದ್ದೆ. ಕಿತ್ತ ಎದೆಯಿಂದ ಏನು ಸದ್ದು ಬಂದೀತು?

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಮುಂಗುಸಿ ಕಂಡಿತು. "ಅಯ್ಯಯ್ಯೋ, ಬಂತಲ್ಲಪ್ಪಾ ಹಾಳಾದ್ದು!" ಎಂದು ಪುಟ್ಟತಾಯಮ್ಮ ಹ್ಯಾಟೆಯನ್ನೂ ಆರು ಮರಿಯನ್ನೂ ಬಾಚಿ ನನ್ನೊಳಗೆ ತುಂಬಿ ಬಾಗಿಲು ನೂಕಿದಳು. ಪಚಕ್.

ಮೂವರೂ ಒಳಗೆ ಕಾಫಿಗೆ ಹೋದರು. ಬಿಸಿಲು ನನ್ನ ನೆತ್ತಿಯ ಮೇಲಿತ್ತು. ಮೊದಮೊದಲು ಮರಿಗಳು ಕಿಚಿಪಿಚಿ ಎಂದವು. ಹ್ಯಾಟೆ ಬಾಗಿಲು ಕುಕ್ಕಿತು. ಆಮೇಲೆ ಕೊಕ್ಕು ತೆರೆದು ಏದುಸಿರು ಬಿಟ್ಟಿತು. ತೆರೀ, ಬಾಗಿಲೇ ತೆರೀ ಎಂದು ನನ್ನನ್ನು ನಾನೇ ಬೇಡಿಕೊಂಡೆ. ನನ್ನ ಪಟ್ಟಿ ನನ್ನ ಮಾತು ಕೇಳಲಿಲ್ಲ. ಮರಿಗಳ ದನಿ ಒಂದೊಂದಾಗಿ ಸಣ್ಣಗಾಯಿತು. ಗೋಡೆಯಾಚೆ ಜವರಮ್ಮನ ಮಾತು ಮುಗಿಯುವಂತಿರಲಿಲ್ಲ. ಮುಂಗುಸಿಗಾದರೂ ಹಸಿವು ಅನ್ನೋ ನೆಪವಿದೆ, ನನಗೆ ಏನಿದೆ?

ಕೊನೆಗೆ ಕಾಫಿ ಲೋಟ ತೊಳೆಯಲು ಪುಟ್ಟತಾಯಮ್ಮ ಹಿತ್ತಲಿಗೆ ಬಂದಳು. ನಲ್ಲಿ ತಿರುಗಿಸಿದವಳು ಹಾಗೇ ನಿಂತಳು.

"ಅಕ್ಕ, ಮರಿ ಸದ್ದೇ ಇಲ್ಲವಲ್ಲ."

"ಕತ್ತಲಲ್ಲಿ ಕೋಳಿ ಮಲಗ್ತವೆ ಕಣೆ, ಸುಮ್ಕಿರು," ಎಂದಳು ಜವರಮ್ಮ ಹಿತ್ತಲ ಬಾಗಿಲಲ್ಲಿ ನಿಂತು.

"ತಾಯಿ ರೆಕ್ಕೆ ಕೆಳಗೆ ಮಲಗಿದ್ರೂ ಒಂದಾದ್ರೂ ಕಿಚ್ ಅಂತದೆ!"

ಲೋಟ ಬಿಸಾಡಿ ಓಡಿಬಂದು ಬಾಗಿಲು ಕಿತ್ತೆಳೆದಳು. ಬಿಸಿ ಗಾಳಿ ಅವಳ ಮುಖಕ್ಕೆ ಹೊಡೆಯಿತು. ಹ್ಯಾಟೆ ರೆಕ್ಕೆ ಚೆಲ್ಲಿ ಬಿದ್ದಿತ್ತು. ಮರಿಗಳು ಹೊಟ್ಟಿನ ಮೇಲೆ ಕಾಲು ನೀಡಿದ್ದವು. ಅವಳು ಅಳುತ್ತಲೇ ಒಂದೊಂದನ್ನೂ ಸೆರಗಿನಲ್ಲಿ ಹಾಕಿಕೊಂಡು, ನೆರಳಿಗೆ ತಂದು ಗಾಳಿ ಬೀಸಿ ಕೊಕ್ಕಿಗೆ ನೀರು ಹನಿಸಿದಳು. ಹ್ಯಾಟೆ ಕತ್ತು ಎತ್ತಿತು. ಒಂದು ಮರಿ ಕಿಚ್ ಎಂದಿತು, ಆಮೇಲೆ ಇನ್ನೊಂದು. ಐದು ಎದ್ದವು. ಒಂದು ಏಳಲಿಲ್ಲ.

ಪುಟ್ಟತಾಯಮ್ಮ ಅದನ್ನು ಅಂಗೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಳು. ಬೈಗುಳಕ್ಕೆ ಕಾಯುತ್ತಿದ್ದಳು, ಪಾಪ. ಜವರಮ್ಮ ನನ್ನ ಸುತ್ತ ಒಂದು ಸುತ್ತು ಬಂದಳು. ಗೋಡೆಗೆ ಒತ್ತಿಕೊಂಡಿದ್ದ ತೂತುಗಳನ್ನು ಬಗ್ಗಿ ನೋಡಿದಳು. ಆಮೇಲೆ ಬಂದು ಪುಟ್ಟತಾಯಮ್ಮನ ಕೈಯಿಂದ ಆ ಮರಿಯನ್ನು ತಾನೇ ತೆಗೆದುಕೊಂಡಳು.

"ಅಳಬೇಡ ಕಣವ್ವ. ದಿಕ್ಕು ಹೇಳ್ದೋಳು ನಾನು. ಸತ್ತದ್ದು ನನ್ ಪಾಲು."

ಆ ಸಂಜೆಯೇ ಚೆಲುವರಾಜುವಿನ ನಾಳೆ ಬಂತು. ಸ್ಪ್ಯಾನರ್ ಹಿಡಿದು ನನ್ನ ಬಾಗಿಲನ್ನೇ ಬಿಚ್ಚಿಹಾಕಿದ. ಬಾಯಿಗೆ ಜಾಲರಿ ಬಿಗಿದು ಸೈಕಲ್ ಟ್ಯೂಬಿನಿಂದ ಕಟ್ಟಿದ. ನನ್ನನ್ನು ಗೋಡೆಯಿಂದ ದೂರ ಎಳೆದ. ಈಗ ಆ ಬಾಗಿಲು ನಲ್ಲಿಯ ಹತ್ತಿರ ಮಕಾಡೆ ಬಿದ್ದಿದೆ. ಅದರ ಮೇಲೆ ಪುಟ್ಟತಾಯಮ್ಮ ಪಾತ್ರೆ ಬೋರಲು ಹಾಕುತ್ತಾಳೆ.

ನನಗೆ ತುಕ್ಕು ಹಿಡಿದಿದೆ, ನೀಲಿ ಬಣ್ಣ ಅಲ್ಲಲ್ಲಿ ಉದುರಿದೆ. ಅವಳ ಹಿಂಡು ಬೆಳೆದಿದೆ. ಮುಂಗುಸಿ ಈಗಲೂ ಬಂದು ಜಾಲರಿ ಮೂಸುತ್ತದೆ, ನಾನು ಈಗಲೂ ಹೆದರುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗಲ್ಲವಂತೆ. ಆದರೆ ಅದು ಹೊರಗಿನವರ ಭಯ, ಹೇಗೋ ತಡೆದುಕೊಳ್ಳಬಹುದು. ಸಂಜೆ ಜಾಲರಿ ಕಟ್ಟಿದ ಮೇಲೂ ನನ್ನೊಳಗೆ ಬೆಳಕು ಬರುತ್ತದೆ, ಬಲ್ಬಿಲ್ಲದಿದ್ದರೂ. ರೆಕ್ಕೆಯ ಕೆಳಗಿನಿಂದ ಕಿಚ್ ಎಂದು ಒಂದು ದನಿ ಕೇಳುವವರೆಗೆ ಕಾಯುತ್ತೇನೆ. ಕೇಳಿದ ಮೇಲೆ ಇನ್ನೊಂದಕ್ಕೆ ಕಾಯುತ್ತೇನೆ.