ಮದ್ದಿನಮನೆಯ ಬಾಗಿಲು

"ಇಳಸ್ರಿ ಇಲ್ಲೆ," ಎಂದಳು ಫಕ್ಕೀರವ್ವ.

ಹೆಗಲು ಕೊಟ್ಟ ನಾಲ್ವರೂ ಅನುಮಾನಿಸಿದರು. ಕೋಟೆಯ ಹೆಬ್ಬಾಗಿಲಿನಲ್ಲಿ ಸಂಗ್ರಹಾಲಯದ ಕಾರಕೂನ ಚನ್ನವೀರಪ್ಪ ಕೈ ಚಾಚಿ ಅಡ್ಡ ನಿಂತಿದ್ದ. ಬಾಳೆಕಂಬ ಕಟ್ಟಿದ ಶವದ ವಿಮಾನದಲ್ಲಿ, ವಿಭೂತಿ ಬಳಿದ ಹಣೆಯನ್ನು ತುಸು ಮುಂದಕ್ಕೆ ಬಾಗಿಸಿ, ಅವಳ ಗಂಡ ಗೋಣೆಪ್ಪ ಕುಳಿತಿದ್ದ. ಭಜನೆ ನಿಂತಿತು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದ ಚನ್ನವೀರಪ್ಪ. "ಧಾರವಾಡದಿಂದ ದೊಡ್ಡ ಸಾಹೇಬರು ಮೂರ್ತಿ ನೋಡಾಕ ಬರೋ ಹೊತ್ತಾತು. ಹೆಣ ಎದುರಿಗೆ ಬರಬಾರದು ಅಂತ ನಮ್ಮ ಸಾಹೇಬರ ಹುಕುಂ ಐತಿ. ಕಂದಕ ಸುತ್ತಿ ಹಿಂದಿನ ದಾರೀಲೆ ರುದ್ರಭೂಮಿಗೆ ಹೋಗ್ರಿ."

"ಆ ಮೂರ್ತಿ ಕಂದಕದಾಗಿಂದ ಎತ್ತಿದಾವ ಯಾರು, ಚನ್ನವೀರಪ್ಪ?"

ಅವನು ಚಾಚಿದ ಕೈ ಇಳಿಸಿದ.

"ಹೋಗೂಣು ಬಾ ಯವ್ವಾ," ಎಂದ ಹೆಗಲು ಕೊಟ್ಟವರಲ್ಲೊಬ್ಬ ಹೊಳಬಸಪ್ಪ, ಗೋಣೆಪ್ಪನ ಜೊತೆ ಹಾರೆ ಹಿಡಿದು ದುಡಿದವನು. "ಸತ್ತಾವನ ಮುಂದ ಜಗಳ ಬ್ಯಾಡ."

"ಅಂವ ಬದುಕಿದ್ದಾಗ ನೀವ್ಯಾರೂ ಜಗಳ ಮಾಡಲಿಲ್ಲ. ಈಗ ನಾ ಮಾಡ್ತೇನಿ."

*

ಆರುನೂರು ವರ್ಷದ ಹಿಂದೆ ಯಾರೋ ಸಾಮಂತ ಕಟ್ಟಿಸಿದ ಕೋಟೆ ಅದು. ಕಾಳಗಗಳು ಮುಗಿದ ಮೇಲೆ ಸಿಡಿಮದ್ದು ತುಂಬಿಡುತ್ತಿದ್ದ ಮದ್ದಿನಮನೆಯಲ್ಲಿ ಬಾವಲಿಗಳಷ್ಟೇ ಉಳಿದಿದ್ದವು. ೧೯೩೫ರಲ್ಲಿ ಬಂದ ಈ ಸಾಹೇಬ, ಹಾನಗಲ್ ಸೀಮೆಯ ಹಳೆಯ ಶಿಲ್ಪಗಳನ್ನು ಅಲ್ಲಿ ಕೂಡಿಸಿ ಸಂಗ್ರಹಾಲಯ ಮಾಡುವುದೆಂದು ಠರಾಯಿಸಿ, ಕಲ್ಲುಕುಟಿಗ ಗೋಣೆಪ್ಪನನ್ನು ಕರೆಸಿದ.

ಮೂರು ವರ್ಷ ಗೋಣೆಪ್ಪ ಕಂದಕದ ಕೆಸರಿನಲ್ಲಿ ನಿಂತು, ಅಲ್ಲಿ ಹೂತಿದ್ದ ಮೂರ್ತಿಗಳನ್ನು ಎತ್ತಿದ. ಒಮ್ಮೆ ಹಗ್ಗ ಹರಿದು, ಸಪ್ತಮಾತೃಕೆಯರ ಕಲ್ಲು ಜಾರಿ, ಬಲಗಾಲಿನ ಬೆರಳುಗಳು ಜಜ್ಜಿಹೋದವು. ಕುಂಟುತ್ತಲೇ ಮತ್ತೆ ಇಳಿದ. ಮುರಿದ ಚೂರುಗಳನ್ನು ಮನೆಗೆ ತಂದು, ಒಲೆಯ ಮುಂದೆ ಹರಡಿ, ಯಾವ ಬೆರಳು ಯಾವ ಕೈಯದೆಂದು ಹೊಂದಿಸುತ್ತ ಕೂರುತ್ತಿದ್ದ. ರೊಟ್ಟಿ ಬಡಿಯಲು ಜಾಗವಿಲ್ಲವೆಂದು ಅವಳು ಬೈದರೆ, "ತಡಿ, ಸರಸ್ವತಿ ವೀಣಾ ಹಿಡಿಯಾಕತ್ತಾಳ," ಎನ್ನುತ್ತಿದ್ದ.

ಸಂಗ್ರಹಾಲಯ ತೆರೆದ ದಿನ ಒಗೆದ ಧೋತರ ಉಟ್ಟು ಹೋದ. ಸಾಹೇಬ ಬಾಗಿಲಲ್ಲೇ ತಡೆದ. "ಇವತ್ತ ದೊಡ್ಡ ಮಂದಿ ಬಂದಾರ. ನೀ ಆಮ್ಯಾಲೆ ನೋಡೀಯಂತ."

ಮುಂದಿನ ಮೂರು ವರ್ಷವೂ ಪ್ರತಿ ಸಲ ಒಂದೊಂದು ನೆವ. ಗೋಣೆಪ್ಪ ಮರಳಿ ಬಂದು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ. ಆ ಮೌನಕ್ಕೇ ಫಕ್ಕೀರವ್ವನ ಮೈ ಉರಿಯುತ್ತಿತ್ತು. ಸಾಹೇಬನ ಮೇಲಿನ ಸಿಟ್ಟನ್ನೆಲ್ಲ ಅವಳು ಗಂಡನ ಮೇಲೆ ತೀರಿಸಿಕೊಂಡಿದ್ದಳು. ನಿನ್ನೆ ಬೆಳಿಗ್ಗೆಯೂ. ಮಧ್ಯಾಹ್ನ ಅವನು ಕಲ್ಲಿನ ಗಣಿಯಲ್ಲಿ ಎದೆ ಹಿಡಿದುಕೊಂಡು ಬಿದ್ದ ಸುದ್ದಿ ಬಂತು.

*

"ಕೀಲಿ ಕೊಡು."

"ನನ್ನ ನೌಕರಿ ಹೋಗ್ತೈತ್ರಿ, ಅಕ್ಕಾರ."

"ಇವನ ಕಾಲು ಹೋತು. ಯಾರು ಕೇಳಿದ್ರು?"

ಅವನ ಸೊಂಟದ ಗೊಂಚಲನ್ನು ಅವಳೇ ಎಳೆದುಕೊಂಡಳು. ಚನ್ನವೀರಪ್ಪ ಕೈ ಅಡ್ಡ ತರಲಿಲ್ಲ. ದಾರಿ ಬಿಟ್ಟು ಗೋಡೆಗೆ ಸರಿದ. ಹೆಬ್ಬಾಗಿಲು ದಾಟಿ ಮದ್ದಿನಮನೆಯ ಬೀಗ ತೆಗೆದರೆ, ಅದರ ಗಿಡ್ಡ ಬಾಗಿಲಿನಲ್ಲಿ ವಿಮಾನ ಹಿಡಿಸಲಿಲ್ಲ. ಹೊಳಬಸಪ್ಪ ಹೆಗಲ ವಸ್ತ್ರವನ್ನು ನಡುವಿಗೆ ಬಿಗಿದ. ಕುಳಿತ ಭಂಗಿಯಲ್ಲೇ ನಾಲ್ವರೂ ಗೋಣೆಪ್ಪನನ್ನು ಎತ್ತಿಕೊಂಡರು.

"ತಲಿ ಜ್ವಾಕಿ," ಎಂದ ಹೊಳಬಸಪ್ಪ.

ಅಷ್ಟರಲ್ಲಿ ಮೋಟಾರು ಬಂದು ನಿಂತಿತು. ಸಾಹೇಬ ಓಡಿ ಬಂದ. "ಏನಿದು ಅನಾಚಾರ? ಹೊರಗ ತಗೀರಿ ಅದನ್ನ."

ಫಕ್ಕೀರವ್ವ ಎರಡೂ ಅಂಗೈಗಳನ್ನು ಬಾಗಿಲಿನ ಎರಡು ಪಕ್ಕಕ್ಕೆ ಊರಿ ನಿಂತಳು. "ಅಲ್ಲೇ ನಿಂದರ್ರಿ. ಅಂವ ಇನ್ನೂ ನೋಡಿಲ್ಲ."

ಅವಳ ಬೆನ್ನ ಹಿಂದೆ ಭಜನೆ ಮತ್ತೆ ಶುರುವಾಯಿತು. ತಲೆಯಿಲ್ಲದ, ಮೂಗಿಲ್ಲದ ಕಲ್ಲುಗಳ ಸಾಲಿನ ನಡುವೆ ಗೋಣೆಪ್ಪ ಕುಳಿತಿದ್ದ. ಕೊರಳ ಮಾಲೆಯಿಂದ ಚೆಂಡುಹೂವಿನ ಎಸಳುಗಳು ಒಂದೊಂದಾಗಿ ತೊಳೆದ ನೆಲದ ಮೇಲೆ ಉದುರುತ್ತಿದ್ದವು.