ಉಸಿರು ಬಿಡಿ

ವಿನೆಗರ್ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಅಪ್ಪ ನೆನಪಾಗುತ್ತಾರೆ. ಅವರದೊಂದು ಪುಟ್ಟ ಫೋಟೋ ಸ್ಟುಡಿಯೋ ಇತ್ತು. ಹಿಂದಿನ ಕತ್ತಲಕೋಣೆಯಲ್ಲಿ ಫೋಟೋ ತೊಳೆಯುವ ಔಷಧಗಳನ್ನು ತಟ್ಟೆಗಳಿಗೆ ಸುರಿದಿಡುತ್ತಿದ್ದರು. ಆ ಹುಳಿ ವಾಸನೆ, ಒದ್ದೆ ಕಾಗದದ ವಾಸನೆ, ಕೆಂಪು ಬಲ್ಬಿನ ಮೇಲೆ ಬಿಸಿಯಾದ ಧೂಳಿನ ವಾಸನೆ, ಎಲ್ಲ ಸೇರಿ ಅವರ ಅಂಗಿಗೆ ಅಂಟಿಕೊಂಡಿರುತ್ತಿದ್ದವು. ಅಪ್ಪ ಎತ್ತಿಕೊಂಡರೆ ಇಡೀ ಸ್ಟುಡಿಯೋನೇ ನನ್ನನ್ನು ಎತ್ತಿಕೊಂಡಂತಾಗುತ್ತಿತ್ತು.

ಮುಂದಿನ ಕೋಣೆಯಲ್ಲಿ ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಅಲ್ಲಾಡಬೇಡಿ. ಉಸಿರು ಹಿಡೀರಿ. ಒಂದು, ಎರಡು, ಮೂರು." ಆಗಿನ ಕ್ಯಾಮೆರಾ ಬಲು ನಿಧಾನ. ಎದೆ ಏರಿಳಿದರೂ ಚಿತ್ರ ಮಸುಕಾಗುತ್ತಿತ್ತು. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ನಾನೂ ಉಸಿರು ಹಿಡಿಯುತ್ತಿದ್ದೆ.

ಅಪ್ಪನ ಕಸುಬನ್ನು ನಮ್ಮಲ್ಲಿ ಯಾರೂ ಮುಂದುವರಿಸಲಿಲ್ಲ. ನಾನು ಕಾಲೇಜು ಮುಗಿಸಿ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮೂವತ್ತೆಂಟು ವರ್ಷ ಬೇರೆಯವರ ತಪ್ಪುಗಳನ್ನು ಹುಡುಕಿ ಗೆರೆ ಎಳೆದೆ. ಅಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಕೆಂಪು ಪೆನ್ನಿನಕ್ಕ' ಎಂದೇ. ನಿವೃತ್ತಿಯಾದ ಮೇಲೆ ಒಂದು ಕ್ಯಾಮೆರಾ ಕೊಂಡುಕೊಂಡೆ.

"ನಿನ್ನ ವಾರಗೆಯವರೆಲ್ಲ ಮೊಣಕಾಲಿಗೆ ಪಟ್ಟಿ ಕೊಳ್ತಿದಾರೆ, ನೀನು ನೋಡಿದ್ರೆ ಇದು," ಎಂದಳು ನನ್ನ ಜೊತೆಗೇ ಇರುವ ತಂಗಿ.

"ಪಟ್ಟಿನೂ ಕೊಂಡಿದೀನಿ ಕಣೇ. ಕ್ಯಾಮೆರಾ ಚೀಲದಲ್ಲೇ ಇದೆ," ಎಂದೆ.

ಮುದ್ರಣಾಲಯ ಬಿಟ್ಟರೂ ಅಲ್ಲಿಯ ಊಟ ಬಿಡಲಾಗಲಿಲ್ಲ. ಪ್ರತಿ ಶುಕ್ರವಾರ ಅದರ ಕ್ಯಾಂಟೀನಿಗೆ ಹೋಗಿ ಉಂಡು ಬರುತ್ತೇನೆ. ಅಡುಗೆ ಮಾಡುವವಳನ್ನು ಎಲ್ಲರೂ ಅಡುಗೆಯಕ್ಕ ಎನ್ನುತ್ತಾರೆ, ಅವಳಿಗಿಂತ ಹಿರಿಯಳಾದ ನಾನೂ ಸೇರಿ. ಕಳೆದ ತಿಂಗಳು ಅವಳು ನನ್ನ ಎದುರಿಗೆ ಬಂದು ಕುಳಿತಳು. ಅವಳು ಕುಳಿತದ್ದನ್ನು ನಾನು ನೋಡಿದ್ದೇ ಅಪರೂಪ.

"ಅಕ್ಕಾ, ಈ ತಿಂಗಳ ಕೊನೆಗೆ ಕೆಲಸ ಬಿಡ್ತಿದೀನಿ. ಮಗಳ ಮನೆಗೆ ಹೋಗಿ ಇರ್ತೀನಿ. ನಂದೊಂದು ಫೋಟೋ ತೆಗೀತೀರಾ?"

"ಅದಕ್ಕೇನು, ಈಗಲೇ ತೆಗೀತೀನಿ."

"ಚೆನ್ನಾಗಿ ಬರಬೇಕು. ಮೊಮ್ಮಗಳಿಗೆ ನಾಲ್ಕು ವರ್ಷ. ನನ್ನ ಗುರುತಿನ ಚೀಟಿ ನೋಡಿ, ಈ ಅಜ್ಜಿ ಬೈತಾರಾ ಅಂತ ಕೇಳಿದಳಂತೆ. ಹೋದ ಸಲ ಹೋದಾಗ ಮೂರು ದಿನ ಅವರಮ್ಮನ ಹಿಂದಿನಿಂದ ಈಚೆಗೆ ಬರಲಿಲ್ಲ. ನಾನು ಹೋಗೋ ಮುಂಚೆ ಒಂದು ಒಳ್ಳೆ ಫೋಟೋ ಕಳಿಸಿದ್ರೆ, ದಿನಾ ನೋಡಿ ನೋಡಿ ಅಭ್ಯಾಸ ಆಗುತ್ತೇನೋ."

ಫೋನಿನಲ್ಲಿ ಮುಖ ತೋರಿಸು ಎಂದು ಮಗಳು ಹೇಳಿದ್ದಳಂತೆ. ಅಲ್ಲೂ ಅಡುಗೆಯಕ್ಕ ಕಂಬದ ಹಾಗೆ ಬಿಗಿದುಕೊಂಡು ನಿಲ್ಲುತ್ತಿದ್ದಳು.

ನಾನು ಅವಳನ್ನು ಗೋಡೆಗೆ ನಿಲ್ಲಿಸಿದೆ. ಅಲ್ಲಾಡಬೇಡ, ಉಸಿರು ಹಿಡಿ ಎಂದೆ, ಮೂರರವರೆಗೆ ಎಣಿಸಿದೆ. ಮುಂದಿನ ಶುಕ್ರವಾರ ಪ್ರಿಂಟ್ ಮಾಡಿಸಿ ತಂದುಕೊಟ್ಟೆ. ಚಿತ್ರದಲ್ಲಿ ಗ್ಯಾಸಿನ ಪೈಪು ಅವಳ ನೆತ್ತಿಯಿಂದಲೇ ಹುಟ್ಟಿದ ಹಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಯಾರೋ ಅವಳ ಮೇಲೆ ಕಳ್ಳತನದ ಆರೋಪ ಹೊರಿಸಿದ ಹಾಗಿತ್ತು ಮುಖ.

ಅವಳು ನನ್ನನ್ನು ಬೈಯಲಿಲ್ಲ. "ನಿಮ್ಮದೇನೂ ತಪ್ಪಿಲ್ಲ ಅಕ್ಕಾ, ನನ್ನ ಮುಖಾನೇ ಹಾಗೆ," ಎಂದು ಫೋಟೋವನ್ನು ಮಗುಚಿಟ್ಟು ಪಾತ್ರೆ ತೊಳೆಯಲು ಹೋದಳು. ಆ ಮಾತು ನನ್ನನ್ನು ಚುಚ್ಚಿತು. ಮುಖದ ಮೇಲೆ ತಪ್ಪು ಹೊರಿಸಿ ಅವಳನ್ನು ಮಗಳ ಮನೆಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಇನ್ನು ಮೂರು ವಾರವಿತ್ತು.

ನಮ್ಮ ಬೀದಿಯ ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಛಾಯಾಗ್ರಹಣ ಹೇಳಿಕೊಡುತ್ತಾರೆ. ಹೋಗಿ ಸೇರಿದೆ. ಕಲಿಸುವ ಮೇಡಂಗೆ ಮೂವತ್ತು ದಾಟಿರಲಿಕ್ಕಿಲ್ಲ. ನಾನು ತೆಗೆದ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದಳು. ತಂಗಿ, ಪಕ್ಕದ ಮನೆಯವರು, ಹಾಲಿನವನು, ಅಡುಗೆಯಕ್ಕ.

"ಇವರೆಲ್ಲ ಹಲ್ಲು ಕೀಳಿಸಿಕೊಳ್ಳೋಕೆ ಕಾಯ್ತಿದಾರೇನಮ್ಮಾ?"

ನನಗೆ ನಗು ಬಂತು. ಹೌದು, ಹಾಗೇ ಇತ್ತು.

"ನಂದೊಂದು ತೆಗೀರಿ, ನೋಡೋಣ," ಎಂದು ಕುರ್ಚಿಯಲ್ಲಿ ಕುಳಿತಳು. ನಾನು ಕ್ಯಾಮೆರಾ ಎತ್ತಿದೆ.

"ಅಮ್ಮಾ, ನೀವು ಉಸಿರೇ ಬಿಡ್ತಿಲ್ಲ. ಭುಜ ಕಿವಿಗೆ ಹತ್ತಿದೆ. ನಿಮ್ಮನ್ನ ನೋಡಿ ನನಗೂ ಉಸಿರು ಕಟ್ತಾ ಇದೆ."

ಅರವತ್ತು ವರ್ಷ ಹಿಂದಿನ ಬಾಗಿಲ ಸಂದಿಯಲ್ಲೇ ನಾನಿನ್ನೂ ನಿಂತಿದ್ದೆ. ಅಪ್ಪನ ಕ್ಯಾಮೆರಾಕ್ಕೆ ಬೇಕಾಗಿದ್ದನ್ನು ನನ್ನದಕ್ಕೂ ಬಡಿಸುತ್ತಿದ್ದೆ. ಮೇಡಂಗೆ ಅಪ್ಪನ ಸ್ಟುಡಿಯೋ ವಿಷಯ ಹೇಳಿದೆ. ಅವಳು ನಗಲಿಲ್ಲ. "ನಿಮ್ಮ ಅಪ್ಪ ಅವರ ಯಂತ್ರಕ್ಕೆ ಸರಿಯಾಗೇ ಹೇಳಿದಾರೆ. ಈ ಯಂತ್ರ ಚುರುಕು. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡ್ತಾ ಗುಂಡಿ ಒತ್ತಿ. ಮತ್ತೆ ಎಣಿಸಬೇಡಿ. ಬೆಳಕು ಎಲ್ಲಿದೆಯೋ ಅಲ್ಲಿಗೆ ನೀವೇ ಹೋಗಿ. ಜನಕ್ಕೆ ಅವರ ಕೆಲಸ ಮಾಡೋಕೆ ಬಿಡಿ."

ಮನೆಯಲ್ಲಿ ಬಲಿಪಶುವಾದವಳು ತಂಗಿ. ಅವಳು ಕಿಟಕಿ ಪಕ್ಕ ಬಟಾಣಿ ಬಿಡಿಸುತ್ತಿದ್ದರೆ ನಾನು ಸುತ್ತ ಸುಳಿಯುತ್ತಿದ್ದೆ. ಮೊದಲ ದಿನ ನೂರಾ ಹನ್ನೆರಡು ಚಿತ್ರ. ಹಳೆಯ ಚಾಳಿ ಬಿಡದೆ ಎಲ್ಲವನ್ನೂ ಸಣ್ಣದಾಗಿ ಪ್ರಿಂಟ್ ಮಾಡಿಸಿ ಕೆಂಪು ಪೆನ್ನು ಹಿಡಿದು ಕುಳಿತೆ. ಕಿವಿ ಕತ್ತರಿಸಿಹೋಗಿದೆ. ಹಿಂದೆ ಪೊರಕೆ. ಬೆಳಕು ಬೆನ್ನಿಗೆ ಬಿದ್ದಿದೆ. ಚಿತ್ರ ಓರೆ.

ವಾರ ಕಳೆಯುವಷ್ಟರಲ್ಲಿ ಒಂದೂ ಕೆಂಪು ಗುರುತಿಲ್ಲದ ಚಿತ್ರ ಸಿಕ್ಕಿತು. ಗೆದ್ದೆ ಎಂದುಕೊಂಡು ತಂಗಿಗೆ ತೋರಿಸಿದೆ.

ಅವಳು ಕನ್ನಡಕ ಏರಿಸಿ ನೋಡಿದಳು. "ಇದರಲ್ಲಿ ತಪ್ಪೂ ಇಲ್ಲ, ನಾನೂ ಇಲ್ಲ," ಎಂದಳು. ಆಮೇಲೆ ನಾನು ಬದಿಗೆ ಎಸೆದಿದ್ದ ರಾಶಿ ಕೆದಕಿ ಒಂದನ್ನು ಎತ್ತಿದಳು. ಓರೆಯಾಗಿದೆ, ಗಲ್ಲದ ತುದಿ ಹೋಗಿದೆ. ಬಟಾಣಿಯೊಂದು ನೆಲಕ್ಕೆ ಹಾರಿದ್ದಕ್ಕೆ ಅವಳು ಅದನ್ನೇ ಬೈಯುತ್ತಿದ್ದಾಳೆ. "ನೋಡು, ಇದು ನಾನು." ಅದನ್ನು ತೆಗೆದುಕೊಂಡು ಹೋಗಿ ತನ್ನ ಕನ್ನಡಿಗೆ ಸಿಕ್ಕಿಸಿಕೊಂಡಳು. ನನ್ನ ಕೆಂಪು ಗೆರೆಗಳ ಸಮೇತ.

ಕೊನೆಯ ಶುಕ್ರವಾರ ಹತ್ತೂವರೆಗೇ ಕ್ಯಾಂಟೀನ್ ತಲುಪಿದೆ. ಅಡುಗೆಮನೆಯ ಕಿಟಕಿಯಿಂದ ಬೆಳಕು ಒಲೆಯ ಪಕ್ಕದ ಕಟ್ಟೆಯ ಮೇಲೆ ಬೀಳುವುದು ಹನ್ನೊಂದರಿಂದ ಒಂದರವರೆಗೆ. ಹಿಂದಿನ ವಾರವೇ ನೋಡಿಟ್ಟಿದ್ದೆ.

"ಎಲ್ಲಿ ನಿಲ್ಲಲಿ ಅಕ್ಕಾ?" ಅಡುಗೆಯಕ್ಕ ಒದ್ದೆ ಕೈ ಒರೆಸಿಕೊಂಡು ಗೋಡೆಯತ್ತ ಹೊರಟಳು.

"ಎಲ್ಲೂ ನಿಲ್ಲಬೇಡ. ನಲವತ್ತು ಜನ ಉಣ್ಣೋಕೆ ಬರ್ತಾರೆ, ನಿನ್ನ ಕೆಲಸ ನೋಡು."

ಮೊದಲ ಅರ್ಧ ಗಂಟೆ ಅವಳು ಓರೆಗಣ್ಣಿನಲ್ಲಿ ನನ್ನನ್ನೇ ಗಮನಿಸುತ್ತಿದ್ದಳು. ನಾನು ಈರುಳ್ಳಿಯ ಚಿತ್ರ ತೆಗೆದೆ, ಸೌಟಿನ ಚಿತ್ರ ತೆಗೆದೆ, ಅವಳ ಕೈಯ ಚಿತ್ರ ತೆಗೆದೆ. ಆಮೇಲೆ ಊಟದ ಗಂಟೆ ಹೊಡೆಯಿತು, ಜನ ನುಗ್ಗಿದರು, ಅವಳಿಗೆ ನಾನು ಮರೆತೇ ಹೋದೆ.

ಎಷ್ಟೋ ವರ್ಷ ಅಲ್ಲಿ ಉಂಡಿದ್ದರೂ ನಾನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ಮಷಿನ್ನಿನವನಿಗೆ ಹಲ್ಲುನೋವೆಂದು ಅನ್ನವನ್ನು ಸೌಟಿನ ಬೆನ್ನಿನಲ್ಲಿ ಮಸೆದು ಹಾಕಿದಳು. ಹೊಸದಾಗಿ ಸೇರಿದವಳು ಸಂಕೋಚದಿಂದ ಸಾಕು ಎಂದರೆ, "ನಿನ್ನ ಸಾಕು ನನಗೆ ಗೊತ್ತು," ಎಂದು ಇನ್ನೊಂದು ಸೌಟು ಬಡಿಸಿದಳು. ಪುಸ್ತಕ ಕಟ್ಟುವ ಬೈಂಡರ್ ಯಾವತ್ತೂ ತಡವಾಗಿಯೇ ಬರುವವನು. ಪಾತ್ರೆಯ ತಳ ಕಾಣುವ ಮೊದಲೇ ಅವಳು ಒಂದು ತಟ್ಟೆಗೆ ಅನ್ನ ಹಾಕಿ, ಮೇಲೆ ತರಕಾರಿ ಹಾಕಿ, ಒಳ್ಳೆಯ ಹೋಳುಗಳನ್ನು ಆರಿಸಿ ಅಂಚಿಗಿಟ್ಟು, ಇನ್ನೊಂದು ತಟ್ಟೆ ಮಗುಚಿ ಮುಚ್ಚಿದಳು. ಮುಚ್ಚುವಾಗ ತಲೆ ಒಂದಿಷ್ಟು ವಾಲಿಸಿ, ಒಳಗಿರುವುದು ಸರಿ ಇದೆಯೇ ಎಂದು ನೋಡಿ, ತನ್ನಷ್ಟಕ್ಕೇ ನಕ್ಕಳು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲಿತ್ತು.

ನಾನು ಉಸಿರು ಬಿಟ್ಟೆ. ಗುಂಡಿ ಒತ್ತಿದೆ.

ಜನ ಖಾಲಿಯಾದ ಮೇಲೆ ಅವಳು ಬಂದಳು. "ಸರಿ, ಈಗ ತೆಗೀರಿ. ಮುಖ ತೊಳ್ಕೊಂಡು ಬರ್ಲಾ?"

"ತೆಗೆದಾಯ್ತು ಕಣಮ್ಮ."

"ಯಾವಾಗ? ಎಣಿಸಲೇ ಇಲ್ಲ?"

ಕ್ಯಾಮೆರಾದ ಪುಟ್ಟ ಪರದೆಯನ್ನು ಅವಳತ್ತ ತಿರುಗಿಸಿದೆ. ಚಿತ್ರ ಓರೆಯಾಗಿತ್ತು, ಸೌಟಿನ ಹಿಡಿ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಕೆಂಪು ಪೆನ್ನು ಚೀಲದಲ್ಲೇ ಇತ್ತು. ಅವಳು ಎರಡು ಕೈಯಲ್ಲೂ ಕ್ಯಾಮೆರಾ ಹಿಡಿದು ಬೆಳಕಿಗೆ ಹೋದಳು. ನಾನು ಮತ್ತೆ ಉಸಿರು ಹಿಡಿದಿದ್ದೆ ಎಂದು ಕಾಣುತ್ತದೆ.

"ನಾನು ಹೀಗೆ ನಗ್ತೀನಾ?"

"ದಿನಾ."

"ಯಾರೂ ಹೇಳಲೇ ಇಲ್ಲ." ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಈ ಅಜ್ಜಿ ಬೈಯೋ ಹಾಗೆ ಕಾಣಲ್ಲ, ಅಲ್ವಾ ಅಕ್ಕಾ?"

"ಈ ಅಜ್ಜಿ ಹತ್ರ ಬರೋಕೆ ಆ ಮಗುಗೆ ಮೂರು ದಿನ ಬೇಡ, ಮೂರು ನಿಮಿಷ ಸಾಕು."

ಅವಳು ಕಣ್ಣೊರೆಸಿಕೊಂಡು, ಒಗ್ಗರಣೆ ಹೊಗೆ ಎಂದಳು. ಒಲೆ ಆರಿ ಅರ್ಧ ಗಂಟೆಯಾಗಿತ್ತು. ಇವತ್ತೇ ಮಗಳಿಗೆ ಕಳಿಸಿಬಿಡಿ ಎಂದಳು, ಕಳಿಸಿದೆ.

"ಪಾಪ, ಬೈಂಡರ್‌ಗೆ ಎತ್ತಿಟ್ಟ ಆ ಊಟವೇ ಫೋಟೋ ಗೆಲ್ಲಿಸಿತು ನೋಡು," ಎಂದು ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕತೊಡಗಿದೆ.

"ಬೈಂಡರ್ ಇವತ್ತು ಎಲ್ಲರಿಗಿಂತ ಮೊದಲೇ ಉಂಡು ಹೋದ. ನೀವು ಈರುಳ್ಳಿ ಫೋಟೋ ತೆಗೀತಿದ್ರಿ."

ನಾನು ತಲೆ ಎತ್ತಿದೆ. ಮುಚ್ಚಿದ ತಟ್ಟೆ ಕಟ್ಟೆಯ ಮೇಲೆ ಹಾಗೇ ಇತ್ತು. ಗಡಿಯಾರ ಎರಡು ತೋರಿಸುತ್ತಿತ್ತು, ಬೆಳಗಿನಿಂದ ನಾನು ಒಂದು ಲೋಟ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಅಡುಗೆಯಕ್ಕ ಮೇಲಿನ ತಟ್ಟೆ ತೆಗೆದು, ಚಮಚ ಒರೆಸಿ ಅಂಚಿಗಿಟ್ಟು, ಊಟವನ್ನು ನನ್ನ ಕೈಗಿತ್ತಳು.