ನಡುರಸ್ತೆಯ ಬೇಲಿ

ಮತ್ತೆ ಆ ಅಜ್ಜಿ, ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ, ನಿನ್ನೆಯ ಹಾಗೇ ಅಂಗಡಿಯ ಕಡೆ ಕೈ ಎತ್ತಿ ನಿಂತಿದ್ದಾಳೆ, ಕೈಯಲ್ಲಿ ಒಂದು ಕಡ್ಡಿ ಜೋತುಬಿದ್ದ ಕನ್ನಡಕ — ಮುರಿದಿಲ್ಲ, ಸ್ಕ್ರೂ ಸಡಿಲಾಗಿದೆ ಅಷ್ಟೆ, ಇಪ್ಪತ್ತಾರು ವರ್ಷ ಕನ್ನಡಕದಂಗಡಿ ಇಟ್ಟವನಿಗೆ ಕೌಂಟರಿನ ಹಿಂದೆ ಕೂತೇ ತಿಳಿಯುತ್ತದೆ, ಎರಡು ನಿಮಿಷದ ಕೆಲಸ, ಮೊದಲಾಗಿದ್ದರೆ ಬಸ್ಸು ಬರುವುದರೊಳಗೆ ಒಂದೇ ಉಸಿರಿಗೆ ರಸ್ತೆ ದಾಟಿ ಬರುತ್ತಿದ್ದರು ಎಲ್ಲರೂ, ಬಿಗಿ ಮಾಡಿಸಿಕೊಂಡು, ಹೊಸ ಫ್ರೇಮೊಂದನ್ನು ಮೂಗಿಗೇರಿಸಿ, ಮುಂದಿನ ತಿಂಗಳು ನೋಡೋಣ ಬಿಡಿ ಅಂತ ಓಡುತ್ತಿದ್ದರು, ಹಾಗೆ ಅಂದವರೇ ಮುಂದಿನ ತಿಂಗಳು ಬಂದು ಕೊಳ್ಳುತ್ತಿದ್ದರು, ಈಗ ನಡುರಸ್ತೆಗೆ ಉದ್ದಕ್ಕೂ ಎದೆಮಟ್ಟದ ಕಂಬಿಬೇಲಿ, ಸಿಗ್ನಲ್ ತನಕ ಹೋಗಿ ಸುತ್ತಿ ಬರಬೇಕು, ಒಂದು ಸ್ಕ್ರೂಗೆ ಯಾರು ಬರುತ್ತಾರೆ. ನಿನ್ನೆ ಅಜ್ಜಿ ಬಸ್ಸು ಬಂದೊಡನೆ ಹತ್ತಿ ಹೋಗಿಬಿಟ್ಟಳು. ಕೌಂಟರಿನ ಮೇಲೆ ತಂಗಿ ಇಟ್ಟ ಹಾಳೆ, ಆರು ಚೌಕ, ಅವಳ ವ್ಯಾಪಾರದ ತರಗತಿಯ ಮೇಷ್ಟರು ಕೊಟ್ಟದ್ದು, ಅಂಗಡಿಯನ್ನು ಹೊರಗಿನಿಂದ ಒತ್ತುತ್ತಿರುವುದೇನೇನು ಅಂತ ಬರೆದರೆ ಇರಬೇಕೋ ಹೋಗಬೇಕೋ ತಾನಾಗಿ ಗೊತ್ತಾಗುತ್ತದಂತೆ, ಕಟ್ಟಡದ ಯಜಮಾನರು ನಾಲ್ಕಕ್ಕೆ ಬರುತ್ತಾರೆ, ಇನ್ನೈದು ವರ್ಷದ ಬಾಡಿಗೆಗೆ ಸಹಿ, ಇಲ್ಲವೇ ಬೀಗದಕೈ ವಾಪಸ್ಸು. ತಂತ್ರಜ್ಞಾನ — ಜನ ಫೋನಿನಲ್ಲೇ ಕನ್ನಡಕ ತರಿಸುತ್ತಾರೆ. ಸಮಾಜ — ಹುಡುಗಿಯರಿಗೆ ಕನ್ನಡಕವೇ ಬೇಡ, ಲೆನ್ಸ್ ಬೇಕು. ಪರಿಸರ — ಧೂಳು, ಧೂಳಿದ್ದರೆ ನಮಗೆ ಒಳ್ಳೆಯದೇ ಅಲ್ಲವೇ, ಹೊಡೆದುಹಾಕಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ಹಾಗನ್ನಲಿಕ್ಕೆ ಆರು ಚೌಕ ಬೇರೆ. ಕಾನೂನಿನ ಚೌಕ ಮಾತ್ರ ಖಾಲಿ, ಬೇಲಿ ಬರೆಯಬೇಕಾದ್ದು ಅಲ್ಲೇ.

ಬೇಲಿ ಹಾಕಿಸಿ ಎಂದು ಮನವಿ ಬರೆದು, ಮೊದಲ ಸಹಿ ಹಾಕಿ, ಅಂಗಡಿ ಅಂಗಡಿಗೂ ಅಲೆದವನು ಅವನೇ — ಊಟದ ಡಬ್ಬಿ ಹಿಡಿದು ದಾಟುತ್ತಿದ್ದ ತಂಗಿಯ ಕಾಲಿಗೆ ವ್ಯಾನೊಂದು ಹೊಡೆದಾಗ ಡಬ್ಬಿಯ ಮುಚ್ಚಳ ಉರುಳಿಕೊಂಡು ಈ ಮೆಟ್ಟಿಲ ತನಕ ಬಂದಿತ್ತು, ಇವನು ಏನಪ್ಪಾ ಇದು ಅಂತ ಮೊದಲು ಮುಚ್ಚಳವನ್ನೇ ಎತ್ತಿಕೊಂಡಿದ್ದ. ಬೇಲಿ ಬಂದ ದಿನ ಪಕ್ಕದ ಬೀಗ ರಿಪೇರಿಯವನು ನಕ್ಕಿದ್ದ, ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ನೋಡಿ, ಈಗ ಅವನ ಬಾಗಿಲಿಗೇ ಬೀಗ ಬಿದ್ದಿದೆ. ಬೇಲಿ ಅಂತ ಹೇಗೆ ಬರೆಯುವುದು, ನಿನ್ನ ಕಾಲಿನಿಂದ ಅಂಗಡಿ ಹೋಯಿತಮ್ಮಾ ಅಂತ ಅವಳ ಕೈಗೇ ಬರೆದುಕೊಟ್ಟ ಹಾಗಲ್ಲವೇ, ನಾಳೆ ಕೇಳಿದರೂ ಆ ಮನವಿಗೆ ಸಹಿ ಹಾಕುತ್ತಾನೆ, ಅದರಲ್ಲಿ ಎರಡು ಮಾತಿಲ್ಲ, ಆದರೆ ಸಾಕಾಗಿದೆ, ಬೆಳಗಿನಿಂದ ಫ್ರೇಮು ಒರೆಸಿ ಒರೆಸಿ ಸಾಕಾಗಿದೆ — ಒಳಗೆ ಲೆನ್ಸ್ ಉಜ್ಜುವ ಯಂತ್ರ ನಿಂತಿತು, ತಂಗಿಯ ಹೆಜ್ಜೆ, ಒಂದು ಗಟ್ಟಿ ಒಂದು ಮೆಲ್ಲಗೆ, ಹೆಗಲ ಮೇಲಿಂದ ಬಗ್ಗಿ ನೋಡುತ್ತಾಳೆ, ಇದ್ಯಾಕಣ್ಣ ಖಾಲಿ ಬಿಟ್ಟೆ, ಬೇಲಿ ಅಂತ ಬರಿ, ನಂಗೇನು ಗೊತ್ತಿಲ್ವಾ, ಮೂರು ವರ್ಷದಿಂದ ಆ ಬೇಲಿ ಮಾತೇ ಎತ್ತಲ್ಲ ನೀನು. ಅವಳು ಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡಳು, ಎಲ್ಲಿಗೆ ಅಂದ, ಅಲ್ಲಿಗೇ, ಎರಡು ದಿನದಿಂದ ಕೈ ಎತ್ಕೊಂಡು ನಿಂತಿದ್ದಾಳೆ ಅಜ್ಜಿ, ಅವರು ಬರಕ್ಕಾಗಲ್ಲ ಅಂದ್ರೆ ನಾವು ಹೋಗಕ್ಕೂ ಆಗಲ್ವಾ.

ಸಿಗ್ನಲ್ಲಿನ ಕಡೆಗೆ, ಬೇಲಿಯ ಪಕ್ಕದಲ್ಲೇ, ತಂಗಿ ಕಾಲೆಳೆಯುತ್ತ ಹೋಗುತ್ತಿದ್ದಾಳೆ, ಅರ್ಧ ದಾರಿಯೂ ಆಗಿಲ್ಲ, ಬೇಲಿ ಅಂತ ಬರೆದ, ಎರಡೇ ಅಕ್ಷರ, ಯಜಮಾನರ ಕಾರು ಬಂದು ನಿಂತಿತೇನೋ, ಸಹಿ ಹಾಕುವುದೋ ಬಿಡುವುದೋ, ಅಷ್ಟರಲ್ಲಿ ಬಸ್ಸು, ಅಯ್ಯೋ ಈಗಲೇ ಬರಬೇಕೇ, ಅಜ್ಜಿಯನ್ನು ಪೂರ್ತಿ ಮರೆಮಾಡಿ ನಿಂತಿದೆ, ಹತ್ತಬೇಡಮ್ಮಾ, ಒಂದು ನಿಮಿಷ, ಅವಳು ಬರುತ್ತಿದ್ದಾಳೆ, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು — ಆ ಕೈ, ಜೋತುಬಿದ್ದ ಕಡ್ಡಿಯ ಕನ್ನಡಕ, ಇನ್ನೂ ಎತ್ತಿಯೇ ಇದೆ.